ಸೂಡಿಯ ತಿರುವಿಗೆ ಎರಡು ಸಲ ಬ್ರೇಕು

ಮೊನ್ನೆ ಅತ್ತಿಗೆ ಹುರುಳಿ ಹುರಿಯಲು ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ನಿಂತರು. ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಸೀದ ವಾಸನೆ ಕಿಟಕಿ ದಾಟಿ ಮೂಗಿಗೆ ಬಂದದ್ದೇ ತಡ, ಕೈಯಲ್ಲಿದ್ದ ಟವೆಲ್ಲು ನೆಲಕ್ಕೆ ಬಿಟ್ಟು, "ಗಾಡಿ ಆಫ್ ಮಾಡಿ! ಮೊದಲು ಕೆಳಗಿಳಿಯಿರಿ!" ಎಂದು ಕೂಗಿದೆ. ಅತ್ತಿಗೆ ಹೊರಗೆ ಬಂದು ನನ್ನನ್ನು ನೋಡಿದರು, ಅಂಗಳವನ್ನು ನೋಡಿದರು. ಅಂಗಳದಲ್ಲಿ ಗಾಡಿ ಇರಲಿಲ್ಲ.

"ಯಾವ ಗಾಡಿ ಮಾರಾಯ್ತಿ?"

ಗಜೇಂದ್ರಗಡದ ಗಾಡಿ ಎಂದು ಹೇಳಿದರೆ ಅವರಿಗೆ ಹೇಗೆ ಅರ್ಥವಾಗಬೇಕು? ಸೀದ ಹುರುಳಿಯನ್ನು ಕೋಳಿಗೆ ಚೆಲ್ಲಿ ಅವರು ಮತ್ತೆ ಫೋನಿಗೆ ಹೋದರು. ನಾನು ಟವೆಲ್ಲು ಎತ್ತಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆ ಒಂದು ಚಳಿಗಾಲ ಪೂರ್ತಿಯಾಗಿ ಮೂಗಿನೊಳಗೆ ಬಂದು ಕೂತಿತ್ತು.

ಕುಮಟೆಯಲ್ಲಿ ನಾನು ಕಲಿಸುತ್ತಿದ್ದ ಖಾಸಗಿ ಶಾಲೆ ಮುಚ್ಚಿದಾಗ ನನಗೆ ನಲವತ್ತೇಳು. ಆ ವಯಸ್ಸಿಗೆ ವಿಜ್ಞಾನದ ಟೀಚರಿಗೆ ಹೊಸ ಕೆಲಸ ಎಲ್ಲಿ ಸಿಗುತ್ತದೆ ಎಂದು ಚಿಂತೆ ಮಾಡಿದೆ. ಸಿಕ್ಕ ಮೇಲೆ, ಯಾಕೆ ಸಿಕ್ಕಿತು ಎಂದು ಚಿಂತೆ ಮಾಡಿದೆ. ಚಿಂತೆ ನನ್ನ ಹುಟ್ಟುಗುಣ. ರೈಲು ಹತ್ತುವ ಮುಂಚೆ ಇಳಿಯುವ ಸ್ಟೇಷನ್ ದಾಟಿಹೋದರೆ ಏನು ಗತಿ ಎಂದು ಯೋಚಿಸುವವಳು ನಾನು. ಗದಗಿನ ಒಂದು ಶಿಕ್ಷಣ ಸಂಸ್ಥೆಯವರು ಕೊಟ್ಟ ಕೆಲಸ ಇಷ್ಟೇ: ಭೂತಗನ್ನಡಿ, ಆಯಸ್ಕಾಂತ, ಪಟ್ಟಕ, ಬಲ್ಬು, ತಂತಿ ಎಲ್ಲ ತುಂಬಿದ ಒಂದು ದೊಡ್ಡ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಹಳ್ಳಿಹಳ್ಳಿಯ ಶಾಲೆಗೆ ಹೋಗಿ ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸುವುದು. ಸೂಡಿ, ಸವಡಿ, ಅಸೂಟಿ, ವಾರಕ್ಕೊಮ್ಮೆ ನರಗುಂದದ ಕಡೆಯ ಊರುಗಳು. ಕಚೇರಿ ರೋಣದಲ್ಲಿ, ನನ್ನ ಬಾಡಿಗೆಮನೆ ಗಜೇಂದ್ರಗಡದಲ್ಲಿ.

"ಕಾರು ನಿಮ್ಮದು, ಓಡಸವ್ರೂ ನೀವ," ಎಂದಿದ್ದರು ಗದಗಿನ ಸಂಯೋಜಕರು. "ಇಲ್ಲಿ ಥಂಡಿ ದಿನದಾಗ ಮುಂಜಾನೆ ಸಾಲಿ ಮುಟ್ಟೂದು ಸರಳ ಅಲ್ರಿ. ಒಂದ್ ಚಳಿಗಾಲ ದಾಟಿಸಿ ತೋರಸ್ರಿ. ಆಮ್ಯಾಲ ಈ ಸುತ್ತು ನಿಮ್ಮದ, ಖಾಯಂ."

ಒಂದು ಚಳಿಗಾಲ ತಾನೇ, ಎಂದುಕೊಂಡೆ. ಕುಮಟೆಯಲ್ಲಿ ಚಳಿಗಾಲ ಅಂದರೆ ಫ್ಯಾನನ್ನು ಒಂದು ಅಂಕಿ ಕೆಳಗಿಳಿಸುವುದು. ಕಾಲೇಜಿನ ಕಾಲದ ಒಂದು ಸ್ವೆಟರು ಇತ್ತು. ಅದರ ಗುಂಡಿಗಳು ಈಗ ನನ್ನ ಎರಡು ಬದಿಯನ್ನು ಒಟ್ಟು ಸೇರಿಸಲು ಒಪ್ಪುತ್ತಿರಲಿಲ್ಲ. ಆದರೂ ಮಡಚಿಟ್ಟುಕೊಂಡು ಹೋದೆ.

ದೀಪಾವಳಿ ಮುಗಿದ ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಲು ಬಾಟಲಿ ಬಗ್ಗಿಸಿದರೆ ಎಣ್ಣೆ ಬರಲಿಲ್ಲ. ಒಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಅಣ್ಣನಿಗೆ ಫೋನು ಮಾಡಿ, ನೀನು ಕೊಟ್ಟ ತೆಂಗಿನೆಣ್ಣೆಯಲ್ಲಿ ಮೇಣ ಬೆರೆಸಿದ್ದಾರೆ, ಗಾಣದವನನ್ನು ಕೇಳು ಎಂದೆ. ಮನೆಯ ಮಾಲಕಿ ಮಾಲನಬಿ ಚಾಚಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಬಾಟಲಿಯನ್ನು ಇಸಕೊಂಡು ಬಿಸಿಲಿಗಿಟ್ಟರು.

"ಮೋಸ ಎಣ್ಣಿದಲ್ರಿ ಅಕ್ಕೋರ, ಥಂಡೀದು. ಇದು ಬರೇ ಸುರು. ನಮ್ಮನಿಯವ್ರಿಗೆ ಹೇಳಿ ನಿಮಗೊಂದು ದಪ್ಪಂದು ರಜಾಯಿ ಹೊಲಿಸ್ತೀನಿ."

ಅವರ ಮನೆಯವರು ಗಾದಿ ಕೆಲಸದವರು. ಅರಳೆ ಹಿಂಜುವ ಸದ್ದಿಗೇ ನನಗೆ ಬೆಳಗಾಗುತ್ತಿತ್ತು. ಆ ರಜಾಯಿಯೊಳಗೆ ಹೊಕ್ಕರೆ ಹೊರಗೆ ಬರಲು ಮನಸ್ಸಾಗದು. ಬಂದರೆ ತುಟಿ ಒಡೆದು, ಹಿಮ್ಮಡಿ ಸೀಳಿ, ಮುಖ ಹಪ್ಪಳದ ಹಾಗೆ ಬಿರಿಯುವ ಒಣಗಾಳಿ. ಅದನ್ನೂ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದ್ದು ಮಂಜು.

ಮೊದಲ ಮಂಜಿನ ದಿನ ಊರು ದಾಟಿದ ಮೇಲೆ ಗುಡ್ಡವೂ ಇಲ್ಲ, ಗುಡ್ಡದ ಮೇಲಿನ ಗಾಳಿಯಂತ್ರದ ಕಂಬಗಳೂ ಇಲ್ಲ. ಮುಂದೆ ರಸ್ತೆ ಇರಬೇಕಾದಲ್ಲಿ ಒದ್ದೆ ಅರಳೆ. ಅದನ್ನು ನೋಡಿ ನಾನು ಮಾಡಿದ ಮೊದಲ ಕೆಲಸ ದೊಡ್ಡ ದೀಪ ಹಾಕಿದ್ದು. ದೀಪ ಹಾಕಿದೊಡನೆ ಎದುರಿಗೆ ಬಿಳಿ ಗೋಡೆ ಎದ್ದಿತು. ಎರಡನೆಯ ಕೆಲಸ ಅಲ್ಲೇ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿದ್ದು.

"ಅಕ್ಕೋರ, ಇಲ್ಲಿ ನಿಂದ್ರಸಿದ್ರ ಹಿಂದಿನ ಲಾರಿಯಂವ ನಮ್ಮನ್ನ ಸೀದಾ ಸ್ವರ್ಗಕ್ಕ ದಬ್ಬತಾನ್ರಿ," ಎಂದಳು ಪಕ್ಕದ ಸೀಟಿನ ಗಿರಿಜಕ್ಕ. "ದೊಡ್ಡ ದೀಪ ಆರಸ್ರಿ. ನಿಮ್ಮ ಕಡೆ ಕಿಡಕಿ ಕಾಜು ಇಳಸ್ರಿ. ಕಣ್ಣು ಕಾಣಲಿಲ್ಲಂದ್ರ ಕಿವಿ ಅದಾವಲ್ಲ."

ಗಿರಿಜಕ್ಕ ರೋಣದ ಕಚೇರಿಯವಳು, ಇದ್ದದ್ದು ಗಜೇಂದ್ರಗಡದಲ್ಲಿ. ಶಾಲೆಗಳ ಹೆಡ್‌ಮಾಸ್ತರರನ್ನು ಮಾತಾಡಿಸುವುದು, ಪೆಟ್ಟಿಗೆಯ ಇನ್ನೊಂದು ಹಿಡಿ ಹಿಡಿಯುವುದು ಅವಳ ಕೆಲಸ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳಿರಬೇಕು. ಅವಳ ಗಂಡ ಇದೇ ದಾರಿಯಲ್ಲಿ ಬಸ್ಸು ಓಡಿಸಿ, ಬೆನ್ನುನೋವಿನಿಂದ ಬಿಟ್ಟು ಮನೆಯಲ್ಲಿದ್ದ. ಆದ್ದರಿಂದ ಸ್ಟೀರಿಂಗನ್ನು ಒಮ್ಮೆಯೂ ಮುಟ್ಟದ ಗಿರಿಜಕ್ಕನಿಗೆ ದಾರಿ ಮಾತ್ರ ಬಾಯಿಪಾಠ. ಡಾಂಬರಿನ ಎಡ ಅಂಚು ಬಿಡಬೇಡಿ, ಚಕ್ರದಡಿ ಮೆತ್ತಗಾದರೆ ಎರೆಹೊಲಕ್ಕೆ ಇಳಿದಿರಿ ಎಂದು ಅರ್ಥ. ಬೇವಿನ ಮರದ ನೆರಳು ಹಾಯಿತೋ, ಹಳ್ಳದ ಸೇತುವೆ ಬಂತು. ಎಲ್ಲದಕ್ಕಿಂತ ಹೆಚ್ಚಾಗಿ ಸೂಡಿಯ ತಿರುವು.

"ತಿರುವು ಬರೂಕಿಂತ ಮೊದ್ಲು ಬ್ರೇಕ್ ಎರಡ ಸಲ ಒತ್ರಿ. ಮೆಲ್ಲಕ. ಹಿಂದ ಯಾವನರ ಬರತಿದ್ರ ಅಂವಗ ನಿಮ್ಮ ಕೆಂಪು ದೀಪನ ದೇವ್ರು."

"ಹಿಂದೆ ಯಾರೂ ಇಲ್ಲದಿದ್ದರೆ?"

"ಇಲ್ಲಂದ್ರ ದೇವ್ರಿಗೇನ ಲುಕ್ಸಾನರಿ?"

ಹೀಗೆ ದಿನಾ ಬೆಳಿಗ್ಗೆ ನಾವಿಬ್ಬರೂ ಆ ಬಿಳುಪಿನೊಳಗೆ ಹೊಕ್ಕು ರೋಣದಲ್ಲಿ ಹೊರಗೆ ಬರುತ್ತಿದ್ದೆವು. ಅವಳ ಮಡಿಲಲ್ಲಿ ಥರ್ಮಾಸಿನ ಚಹಾ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿ. ನನ್ನ ಮಡಿಲಲ್ಲಿ ಜೀವ. ಮಂಜು ಮುಚ್ಚಿದ ಕಾರು ಒಂದು ವಿಚಿತ್ರ ಜಾಗ; ಅಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದೇ ಅನಿಸುತ್ತದೆ. ನಾನು ಎಲ್ಲ ಹೇಳಿದೆ. ರಾತ್ರಿ ಮಲಗಿದರೆ ಬೆಳಗಿನ ಮಂಜೇ ಕಣ್ಣಮುಂದೆ ಬರುವುದು, ಹೊರಡುವ ಮುಂಚೆ ಎರಡೆರಡು ಸಲ ಹೊಟ್ಟೆ ಕೆಡುವುದು, ಡಿಕ್ಕಿಯಲ್ಲಿ ಹಗ್ಗ, ಸೀಟಿ, ಟಾರ್ಚು, ಗುರುತಿನ ಚೀಟಿಯ ಮೂರು ಪ್ರತಿ ಇಟ್ಟಿರುವುದು. "ಗುರುತಿನ ಚೀಟಿ ಯಾಕ್ರಿ?" ಎಂದು ಕೇಳಿದಳು. ಹೆಣ ಯಾರದ್ದೆಂದು ಗೊತ್ತಾಗಬೇಡವೇ ಎಂದೆ. ಅವಳು ಚಹಾ ಚೆಲ್ಲುವಷ್ಟು ನಕ್ಕಳು. ಆ ನಗು ನನಗೆ ಎಷ್ಟು ಇಷ್ಟವಾಯಿತೆಂದರೆ, ಮರುದಿನದಿಂದ ನಾನು ನನ್ನ ಹೆದರಿಕೆಗೆ ಸ್ವಲ್ಪ ಉಪ್ಪುಖಾರ ಸೇರಿಸಿ ಬಡಿಸತೊಡಗಿದೆ. ಒಮ್ಮೆ ಸೇತುವೆ ದಾಟುವಾಗ ಹೇಳಿದೆ: "ಗಿರಿಜಕ್ಕ, ಈ ಕಾರು ನಾನು ಓಡಿಸ್ತಾ ಇಲ್ಲ. ನನ್ನ ಹೆದರಿಕೆ ಓಡಿಸ್ತಾ ಇದೆ, ನಾನು ಬರೇ ಹಿಂದಿನ ಸೀಟಿನಲ್ಲಿ ಕೂತಿದ್ದೇನೆ." ಅದಕ್ಕೂ ಅವಳು ನಕ್ಕಳು.

ಆದರೆ ಶಾಲೆ ಮುಟ್ಟಿದ ಮೇಲೆ ನಾನು ಬೇರೆಯೇ ಹೆಂಗಸು. ಕಾರಿನ ಸದ್ದಿಗೆ ಮಕ್ಕಳು ಪಡಸಾಲೆಯಿಂದ ಹಾರುತ್ತಿದ್ದರು. ಅಸೂಟಿಯ ಒಂದು ಹುಡುಗಿ ಭೂತಗನ್ನಡಿಯಲ್ಲಿ ಇರುವೆ ನೋಡಿ, "ಅಕ್ಕೋರ, ಇದಕ್ಕ ಮೀಸಿ ಅದಾವ್ರಿ! ನಮ್ಮ ಕಾಕಾನ ಹಂಗ!" ಎಂದು ಕಿರುಚಿದಾಗ ಇಡೀ ತರಗತಿ ತಮ್ಮ ತಮ್ಮ ಕಾಕಂದಿರ ಮೀಸೆಯ ಇರುವೆ ಹುಡುಕಲು ಅಂಗಳಕ್ಕೆ ಓಡಿತು. ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ಒಂದೇ ಪಾಠ ಮಾಡಿದ ನನಗೆ ಆ ಓಟ ಹೊಸದು. ಈ ಸುತ್ತು ನನಗೆ ಬೇಕು, ಎಂದು ಆ ದಿನ ಬಾಯಿಬಿಟ್ಟು ಹೇಳಿದೆ. ಹೇಳಿದ್ದು ಯಾರಿಗೆ? ಗಿರಿಜಕ್ಕನಿಗೇ. "ನಿಮಗಲ್ದ ಇನ್ಯಾರಿಗೆ ಕೊಡ್ತಾರ ಬಿಡ್ರಿ," ಎಂದಳು.

ಎಳ್ಳಮಾಸಿ ಹಬ್ಬಕ್ಕೆ ಸವಡಿಯಲ್ಲಿದ್ದ ತನ್ನ ತವರಿನ ಹೊಲಕ್ಕೆ ಊಟಕ್ಕೆ ಕರೆದಳು. ಭೂಮಿತಾಯಿಗೆಂದು ಅಡುಗೆಯ ಚರಗ ಚೆಲ್ಲುವಾಗ ನನ್ನ ಕೈಗೂ ಒಂದು ಹಿಡಿ ಕೊಟ್ಟು ಹೊಲದ ಮೂಲೆಗೆ ಕಳಿಸಿದರು. ಅಲ್ಲೇ ಕಡಲೆ ಹೊಲದಲ್ಲಿ ಅವಳು ತೋರಿಸಿಕೊಟ್ಟಳು: ಬೆಳಕು ಹರಿಯುವ ಮುಂಚೆ ಗಿಡಗಳ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಹಾಸಬೇಕು, ಎಲೆಯ ಹುಳಿಯನ್ನೆಲ್ಲ ಇಬ್ಬನಿ ಬಟ್ಟೆಗೆ ಕೊಡುತ್ತದೆ, ಅದನ್ನು ಹಿಂಡಿ ಬಾಟಲಿಯಲ್ಲಿಟ್ಟರೆ ಹೊಟ್ಟೆನೋವಿಗೆ ಔಷಧ, ವರ್ಷಗಟ್ಟಲೆ ಕೆಡುವುದಿಲ್ಲ. "ನಿಮ್ಮ ಮುಂಜಾನಿ ಹೊಟ್ಟಿಗೆ ಇದ ಬೇಕ್ರಿ," ಎಂದು ಕಣ್ಣು ಮಿಟುಕಿಸಿದಳು. ಮುಂದಿನ ವಾರ ನಾವಿಬ್ಬರೂ ಚಳಿಯಲ್ಲಿ ನಡುಗುತ್ತ ಹೋಗಿ, ಬಟ್ಟೆಯ ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು ಹಿಂಡಿದೆವು. ನನ್ನ ಒಡೆದ ಬೆರಳುಗಳಿಗೆ ಹುಳಿ ತಾಗಿ ಉರಿಯಿತು. ಅದೇ ಸ್ನೇಹ ಎಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ರಸ್ತೆಗೆ ಇನ್ನೊಂದು ಸಂಕಟ ಬಂತು. ಹುರುಳಿ ಕಿತ್ತವರು ಅದನ್ನು ಡಾಂಬರಿನ ಮೇಲೆ ಹಾಸತೊಡಗಿದರು. ಹೋಗುವ ಬರುವ ಗಾಡಿಗಳೆಲ್ಲ ಅದರ ಮೇಲೆ ಹಾದು ಕಾಳು ಉದುರಿಸಬೇಕು; ರಸ್ತೆಯೇ ಕಣ. ಬಳ್ಳಿಯ ಮೆತ್ತೆಯ ಮೇಲೆ ಕಾರು ಜಾರುತ್ತಿತ್ತು, ಕೆಳಗೆ ಏನೋ ಗರಗರ ಅನ್ನುತ್ತಿತ್ತು. ಮೊದಲ ದಿನ ನಾನು ಪಕ್ಕಕ್ಕೆ ಸರಿದು ದಾಟಲು ನೋಡಿದೆ. ಕಣ ಕಾಯುತ್ತಿದ್ದ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೈದಳು: "ಯಾಕವಾ ತಂಗಿ, ನಮ್ಮ ಹುರಳಿ ನಿನ್ನ ಗಾಡೀನ ಕಡೀತೈತೇನು?" ಅಂದಿನಿಂದ ನಾನು ಧರ್ಮಕ್ಕೆ ಕಟ್ಟುಬಿದ್ದವಳ ಹಾಗೆ ಎಲ್ಲ ಕಣದ ಮೇಲೂ ಹಾಯಿಸಿದೆ.

ಒಂದು ಮಧ್ಯಾಹ್ನ ಸವಡಿಯ ಹತ್ತಿರ ಗಿರಿಜಕ್ಕ ಕಿಟಕಿಯಿಂದ ಕೈ ಹಾಕಿ ಕೂಗಿದಳು, "ಮಾಂಶಿ, ನಾನss!" ಅವಳ ತಾಯಿಯ ತಂಗಿಯದೇ ಕಣ. ಮಾಂಶಿ ನನ್ನನ್ನು ನೋಡಿ ಕೈ ಮುಗಿದಳು. ಬೆಳಿಗ್ಗೆಯಿಂದ ಎರಡೇ ಬಸ್ಸು ಹಾದಿವೆಯಂತೆ.

"ಅಕ್ಕೋರ, ಒಂದೀಟು ಹಿಂದ ಮುಂದ ಮಾಡ್ರಿ, ಪಾಪ ಮುದುಕಿ," ಎಂದಳು ಗಿರಿಜಕ್ಕ.

"ಏನೂ ಆಗೋದಿಲ್ವಾ?"

"ಏನ ಆಕ್ಕೈತ್ರಿ? ಪುಣ್ಯಾ ಬರತೈತಿ."

ಹಿಂದೆ, ಮುಂದೆ. "ಇನ್ನೊಂದ ಸಲ." ಹಿಂದೆ, ಮುಂದೆ. ಮಾಂಶಿ ಚಪ್ಪಾಳೆ ತಟ್ಟುತ್ತ ನಡೆದಳು. ಚಿಂತೆಯಿಲ್ಲದೆ ನಾನು ಗಾಡಿ ಓಡಿಸಿದ್ದು ಆ ಚಳಿಗಾಲದಲ್ಲಿ ಅದೊಂದೇ ಸಲ ಇರಬೇಕು. ಆಗಲೇ ಸೀದ ವಾಸನೆ ಬಂತು. ಬಳ್ಳಿ ಕಾರಿನ ಕೆಳಗೆ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊಗೆಯಾಡುತ್ತಿತ್ತು. "ಗಾಡಿ ಬಂದ್ ಮಾಡ್ರಿ, ಮೊದ್ಲು ಕೆಳಗಿಳೀರಿ!" ಎಂದು ಕೂಗಿದವಳು ಗಿರಿಜಕ್ಕನೇ. ಮಾಂಶಿ ಕುಡಿಯುವ ನೀರಿನ ಕೊಡ ತಂದು ಸುರಿದಳು. ನಾನು ಪೆಟ್ಟಿಗೆಯನ್ನು ತಬ್ಬಿಕೊಂಡು ಹೊಲದಲ್ಲಿ ನಿಂತಿದ್ದೆ. ಹೊಗೆ ಆರಿತು. ಸುಟ್ಟದ್ದು ಒಂದು ಹಿಡಿ ಬಳ್ಳಿ, ಒಂದು ರಬ್ಬರಿನ ಮುಚ್ಚಳ. ಗ್ಯಾರೇಜಿನವನು ಬಳ್ಳಿ ಬಿಡಿಸಿ, "ಥಂಡಿ ಸೀಸನ್ನಿನ್ಯಾಗ ವಾರಕ್ಕೊಂದು ಇಂಥಾ ಕೇಸ್ ಬರತಾವ್ರಿ," ಎಂದು ಬೀಡಿ ಹಚ್ಚಿದ. ಬರುವಾಗ ಗಿರಿಜಕ್ಕ ಮೊಣಕೈಯಿಂದ ತಿವಿದಳು. "ಇದನ್ನ ಯಾರಿಗೂ ಹೇಳೂದು ಬ್ಯಾಡ್ರಿ ಅಕ್ಕೋರ. ನಮ್ಮ ನಮ್ಮೊಳಗ ಇರಲಿ."

ಶಿವರಾತ್ರಿ ಇನ್ನೂ ದೂರವಿರುವಾಗ ಸಂಯೋಜಕರು ರೋಣಕ್ಕೆ ಬಂದು ಎಲ್ಲರನ್ನೂ ಕೂಡಿಸಿದರು. ಖಾಯಂ ಮಾಡುತ್ತಾರೆಂದು ನಾನು ಇಳಕಲ್ ಸೀರೆ ಉಟ್ಟಿದ್ದೆ. ಅವರು ನನ್ನ ಪಾಠವನ್ನು ಹೊಗಳಿದರು. ಆಮೇಲೆ ದನಿ ಇಳಿಸಿದರು.

"ಆದ್ರ ಅಕ್ಕೋರ, ನಮಗ ನಿಮ್ಮ ಜೀವಾ ಮುಖ್ಯ. ಮುಂಜಾನೆದ್ದು ಹೊಟ್ಟಿ ಕೆಡೂವಷ್ಟು ಹೆದರಿಕಿ ಇಟಗೊಂಡು ಗಾಡಿ ಓಡಸೂದು ಸರಿ ಅಲ್ಲ. ಕಣದಾಗ ಹಿಂದ ಮುಂದ ಹೊಡದು ಬೆಂಕಿ ಹತ್ತಿದ್ದೂ ತಿಳೀತು. ನೀವ ಹೇಳೀರಂತಲ್ಲ, ಈ ಗಾಡಿ ನಾ ಓಡಸಂಗಿಲ್ಲ, ನನ್ನ ಹೆದರಿಕಿ ಓಡಸ್ತೈತಿ ಅಂತ?"

ಕೂತವರು ನಕ್ಕರು. ನನ್ನ ಮಾತಿಗೆ ಅಷ್ಟು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಆ ಮಾತನ್ನು ನಾನು ಹೇಳಿದ್ದು ಜಗತ್ತಿನಲ್ಲಿ ಒಂದೇ ಕಡೆ, ಹಳ್ಳದ ಸೇತುವೆಯ ಮೇಲೆ, ಮಂಜು ಮುಚ್ಚಿದ ಕಾರಿನೊಳಗೆ. ತಿರುಗಿ ನೋಡಿದೆ. ಗಿರಿಜಕ್ಕ ತನ್ನ ಬಳೆ ನೋಡುತ್ತಿದ್ದಳು.

ಸುತ್ತಿಗೆ ಬಾಡಿಗೆ ಜೀಪು ಗೊತ್ತಾಗಿತ್ತು. ಓಡಿಸುವವನು ಗಿರಿಜಕ್ಕನ ಮೈದುನ ಬಸವರಾಜ. ಮೊದಲು ಹುಬ್ಬಳ್ಳಿಯಲ್ಲಿ ಆಟೋ ಹೊಡೆಯುತ್ತಿದ್ದ. ಪೆಟ್ಟಿಗೆಯೊಂದಿಗೆ ಶಾಲೆಗೆ ಹೋಗುವವಳು ಗಿರಿಜಕ್ಕ. ಪ್ರಯೋಗಗಳನ್ನು ಅವಳು ನನ್ನ ಪಕ್ಕದಲ್ಲೇ ನಿಂತು ಕಲಿತಿದ್ದಳಲ್ಲ. ನನಗೆ ಗದಗಿನಲ್ಲಿ, ಒಂದು ಕೋಣೆಯಲ್ಲಿ ಕೂತು ಪೆಟ್ಟಿಗೆಗಳಿಗೆ ಸಾಮಾನು ತುಂಬುವ ಕೆಲಸ.

ಪ್ರಪಂಚದಲ್ಲಿ ಚಿಂತೆಗೆ ಯೋಗ್ಯವಾದ ಎಲ್ಲದರ ಬಗ್ಗೆಯೂ ನಾನು ಮುಂಗಡವಾಗಿ ಚಿಂತೆ ಮಾಡಿಟ್ಟಿದ್ದೆ. ಲಾರಿ, ಹಳ್ಳ, ಎಮ್ಮೆ, ಪಂಕ್ಚರು. ಎಡಗಡೆಯ ಸೀಟು ಒಂದೇ ಕಣ್ತಪ್ಪಿತ್ತು.

ಇನ್ನೂ ವಿಚಿತ್ರವೆಂದರೆ ಆ ಸಂಜೆ ಅವಳನ್ನು ಗಜೇಂದ್ರಗಡಕ್ಕೆ ಕರೆತಂದವಳೂ ನಾನೇ. ಕೊನೆಯ ಬಸ್ಸು ಹೋಗಿತ್ತು. ಬಿಟ್ಟು ಬರುವ ಧೈರ್ಯ ನನಗಿರಲಿಲ್ಲ. "ಬೆಲ್ಟು ಹಾಕ್ಕೊಳ್ಳಿ," ಎಂದೂ ಹೇಳಿದೆ. ಸೂಡಿ ದಾಟಿದ ಮೇಲೆ ಅವಳೇ ಕೇಳಿದಳು.

"ಸುಳ್ಳ ಏನರ ಹೇಳೀನೇನ್ರಿ ಅಕ್ಕೋರ?"

"ಇಲ್ಲ."

"ನೀವ ಹೇಳಿದ್ದನ್ನ ಹೇಳಿದೆ. ಬಸ್ಯಾ ಜೀಪ್ ತಗೊಂಡು ಸುಮ್ನ ನಿಂದ್ರಸ್ಯಾನ. ಮನ್ಯಾಗ ನನ್ನ ಮಾರೀನ ನೋಡ್ತಾರ. ನಿಮಗೂ ಚಲೋನ ಆತಲ್ರಿ? ದಿನಾ ಹೆದರೂದು ತಪ್ಪಿತು."

"ಹೆದರಿಕೊಂಡೇ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ, ಗಿರಿಜಕ್ಕ. ಅದನ್ನು ಹೇಳಿದಿರಾ?"

ಅವಳು ಬೆಲ್ಟು ಎಳೆದು ಸರಿಮಾಡಿಕೊಂಡಳು. ಹಿಂದೆ ಮುಂದೆ ಮಾಡಲು ಹೇಳಿದ್ದು ಯಾರೆಂದು ಹೇಳಿದಿರಾ ಎಂದೂ ಕೇಳಬೇಕಿತ್ತು, ಕೇಳದೆ ಗೇರು ಬದಲಿಸಿದೆ. ಮನೆಯ ಮುಂದೆ ಇಳಿದವಳು ಸೀಟಿನ ಮೇಲೆ ಏನೋ ಬಿಟ್ಟುಹೋದಳು. ನೋಡಿದರೆ ಕಡಲೆ ಹುಳಿಯ ಬಾಟಲಿ. ನನ್ನ ಪಾಲಿನದು.

ಅದನ್ನು ಚೆಲ್ಲಲು ಅಂಗಳಕ್ಕೆ ಹೋದರೆ ಮಾಲನಬಿ ಚಾಚಿ ಕೈ ಹಿಡಿದರು. ಎಲ್ಲ ಕೇಳಿದರು. ಸಮಾಧಾನ ಹೇಳುತ್ತಾರೆಂದು ಕಾದೆ.

"ನೀವು ಹೆದರಪುಕ್ಕಿ ಅಂಬೂದು ನಮ್ಮನಿ ಕೋಳಿಗೂ ಗೊತ್ತೈತ್ರಿ ಅಕ್ಕೋರ. ಆಕಿ ಹೊಸಾದೇನ ಹೇಳ್ಯಾಳ? ದಿನಾ ಹೋಗಿ ಬರತಿದ್ರಿ ಅಂಬೂದನ್ನ ಮುಚ್ಚಿಟ್ಟಾಳಲ್ಲ, ಅದು ಖರೇ ಕಳುವು." ಬಾಟಲಿಯ ಮುಚ್ಚಳ ತೆಗೆದು ಮೂಸಿದರು. "ಇದನ್ನ ಚೆಲ್ಲಬ್ಯಾಡ್ರಿ, ನನಗ ಕೊಡ್ರಿ. ಮನಶಾರು ಹ್ಯಾಂಗರ ಇರಲಿ, ಹುಳಿ ಚಲೋ ಐತಿ."

ಪೆಟ್ಟಿಗೆ ಒಪ್ಪಿಸಬೇಕಾದ ದಿನ, ಚಳಿ ಮುಗಿಯಿತು ಅಂದುಕೊಂಡವರನ್ನು ಅಣಕಿಸುವಂತೆ, ಆ ವರ್ಷದ ಅತಿ ದಟ್ಟವಾದ ಮಂಜು ಬಿತ್ತು. ಪಕ್ಕದ ಸೀಟು ಖಾಲಿ. ಚಹಾ ಇಲ್ಲ, ರೊಟ್ಟಿ ಇಲ್ಲ. ಹೊಟ್ಟೆ ಎಂದಿನಂತೆ ಎರಡು ಸಲ ಕೆಟ್ಟಿತ್ತು. ದೊಡ್ಡ ದೀಪ ಆರಿಸಿದೆ, ಕಾಜು ಇಳಿಸಿದೆ, ಡಾಂಬರಿನ ಅಂಚು ಹಿಡಿದೆ. ಬೇವಿನ ನೆರಳು ಹಾಯಿತು, ಸೇತುವೆ ಬಂತು. ಅಲ್ಲಿಂದ ಮುಂದೆ ಹಿಂಬದಿಯಲ್ಲಿ ಎರಡು ಮಂಕು ದೀಪಗಳು ಅಂಟಿಕೊಂಡವು. ನಾನು ನಿಧಾನಿಸಿದರೆ ಅವೂ ನಿಧಾನಿಸಿದವು. ಯಾರೋ ನನ್ನಂಥವರೇ ಇರಬೇಕು, ಪಾಪ, ಎಂದುಕೊಂಡೆ. ಸೂಡಿಯ ತಿರುವಿಗೆ ಮುನ್ನ ಎರಡು ಸಲ ಬ್ರೇಕು ಒತ್ತಿದೆ, ಮೆಲ್ಲಗೆ. ಹಿಂದಿನ ದೀಪಗಳು ಅರ್ಥವಾದಂತೆ ತಗ್ಗಿ, ನನ್ನ ಹಿಂದೆಯೇ ತಿರುಗಿದವು. ನನಗೆ ಎಂದೂ ಇಲ್ಲದ ಹೆಮ್ಮೆಯಾಯಿತು. ರೋಣದವರೆಗೂ ಅವರನ್ನು ಕೈ ಹಿಡಿದು ಕರೆತಂದಂತೆ ತಂದೆ.

ಕಚೇರಿಯ ಮುಂದೆ ನಾನು ನಿಲ್ಲಿಸಿದೆ. ಹಿಂದಿನ ಗಾಡಿಯೂ ನಿಂತಿತು. ಅದು ಜೀಪು.

ಬಸವರಾಜ ಇಳಿದು ಓಡಿಬಂದ. "ಅಕ್ಕೋರ, ನಿಮ್ಮ ಕೆಂಪು ದೀಪ ಇರಲಿಲ್ಲಂದ್ರ ನಾವು ಸೂಡಿ ತಿರುವಿನ್ಯಾಗ ಹೊಲಕ್ಕ ಇಳೀತಿದ್ವಿ ನೋಡ್ರಿ! ವೈನಿಗೂ ಏನೂ ಕಾಣವಲ್ದು, ಅಳಾಕ ಹತ್ತಿದ್ರು."

ಅವನ ವೈನಿ, ಅಂದರೆ ಗಿರಿಜಕ್ಕ, ಜೀಪಿನ ಬಾಗಿಲು ಹಿಡಿದು ನಿಂತಿದ್ದಳು. ನಾನು ಡಿಕ್ಕಿ ತೆರೆದೆ. ಪೆಟ್ಟಿಗೆಯ ಒಂದು ಹಿಡಿ ನಾನು, ಇನ್ನೊಂದು ಅವಳು ಹಿಡಿದೆವು, ಎಂದಿನಂತೆ. ಹೊತ್ತುಕೊಂಡು ಹೋಗಿ ಜೀಪಿನಲ್ಲಿಟ್ಟೆವು. ಭೂತಗನ್ನಡಿ ಮೇಲಿದೆ, ಒಡೆಯದ ಹಾಗೆ ನೋಡಿಕೊಳ್ಳಿ ಎಂದೆ.

"ಗೊತ್ತಿತ್ತೇನ್ರಿ, ಹಿಂದ ನಾವ ಅಂತ?"

"ಇಲ್ಲ."

ಅವಳು ಇನ್ನೇನೋ ಕೇಳಲು ಬಾಯಿ ತೆರೆದು ಮುಚ್ಚಿದಳು. ಗೊತ್ತಿದ್ದರೆ ಬ್ರೇಕು ಒತ್ತುತ್ತಿದ್ದಿರಾ ಎಂದು ಕೇಳುತ್ತಿದ್ದಳೇನೋ. ಅದನ್ನು ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ. ಕಾರು ತಿರುಗಿಸಿ ಗದಗಿನ ದಾರಿ ಹಿಡಿದೆ.

ಕುಮಟೆಗೆ ಮರಳಿ ಬಂದು ಈಗ ಕೆಲವು ವರ್ಷ. ಇಲ್ಲಿ ಅಂಥ ಮಂಜಿಲ್ಲ, ರಸ್ತೆಯಲ್ಲಿ ಕಣವಿಲ್ಲ. ಆದರೂ ತಿರುವು ಬಂದರೆ ನನ್ನ ಕಾಲು ತಾನಾಗಿ ಎರಡು ಸಲ ಬ್ರೇಕು ಒತ್ತುತ್ತದೆ. ಒತ್ತುವ ಮುಂಚೆ ಕನ್ನಡಿಯಲ್ಲಿ ಹಿಂದಿನವರ ಮುಖ ನೋಡುತ್ತೇನೆ. ಯಾರೇ ಇರಲಿ, ಒತ್ತುವುದಂತೂ ತಪ್ಪುವುದಿಲ್ಲ. ಆ ನೋಡುವ ಅಭ್ಯಾಸ ಮಾತ್ರ ಮೊದಲು ನನಗಿರಲಿಲ್ಲ.